ಮೈಲಿಗಲ್ಲು: ಒಂದು ನುಡಿಗಟ್ಟಿನ ಪೂರ್ವೋತ್ತರ

ಅನ್ಯಭಾಷೆಯ ನುಡಿಗಟ್ಟೊಂದು ಕನ್ನಡಕ್ಕೆ ಬಂದಾಗ ಅದರ ಶಬ್ದಗಳು ಬೇಗನೆ ಬಂದು ಸೇರುತ್ತವೆ. ಆ ಶಬ್ದಗಳ ಹಿಂದಿರುವ ವಸ್ತುವಿನ ಅನುಭವವು ಅಷ್ಟು ಬೇಗನೆ ಬರುವುದಿಲ್ಲ. ವಸ್ತುವನ್ನು ಕಣ್ಣಾರೆ ಕಂಡು ಬಳಸಿದ ತಲೆಮಾರು ಇರುವವರೆಗೆ ಮಾತು ದಾರಿತಪ್ಪದೆ ನಡೆಯುತ್ತದೆ. ವಸ್ತುವು ಮರೆಯಾದ ಮೇಲೆ ಮಾತು ಒಂಟಿಯಾಗಿ ಉಳಿದು, ಬಾಯಿಂದ ಬಾಯಿಗೆ ಹೋಗುತ್ತ ಅದರ ಅರ್ಥವು ಹಳೆಯ ನಾಣ್ಯದ ಮುದ್ರೆಯಂತೆ ಸವೆಯುತ್ತದೆ. ಈ ಕ್ರಮಕ್ಕೆ 'ಮೈಲಿಗಲ್ಲು' ಎಂಬ ಮಾತಿಗಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ.

ಇಂಗ್ಲಿಷಿನ 'ಮೈಲ್‌ಸ್ಟೋನ್' ಎಂಬ ಶಬ್ದದ ಅಚ್ಚಿನಲ್ಲಿ ಎರಕಹೊಯ್ದ ಈ ಮಾತು ಇಂದು ಪತ್ರಿಕೆಗಳಲ್ಲಿಯೂ ಸನ್ಮಾನಪತ್ರಗಳಲ್ಲಿಯೂ ವೇದಿಕೆಯ ಭಾಷಣಗಳಲ್ಲಿಯೂ ಹೇರಳವಾಗಿ ಕಾಣಬರುತ್ತದೆ. ಒಬ್ಬರು 'ಮೈಲಿಗಲ್ಲನ್ನು ಮುಟ್ಟಿದರು' ಎನ್ನುತ್ತಾರೆ. ಮತ್ತೊಬ್ಬರು 'ಮೈಲಿಗಲ್ಲನ್ನು ಸ್ಥಾಪಿಸಿದರು' ಎನ್ನುತ್ತಾರೆ. ಇನ್ನೊಬ್ಬರು 'ಮೈಲಿಗಲ್ಲು ನೆಟ್ಟರು' ಎಂದೂ, ಮಗುದೊಬ್ಬರು 'ಮೈಲಿಗಲ್ಲಾಗಿ ನಿಂತರು' ಎಂದೂ ಬರೆಯುತ್ತಾರೆ. ರಾಮನಗರ ಸೀಮೆಯ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಂತಹ ಸ್ಥಳಗಳ ಪ್ರಸ್ತಾಪ ಬಂದಾಗಲಂತೂ 'ಅಭಿವೃದ್ಧಿಯ ಮೈಲಿಗಲ್ಲು' ಎಂಬುದು ವಾಡಿಕೆಯ ಮಾತೇ ಆಗಿದೆ. ಇವುಗಳಲ್ಲಿ ಯಾವುದು ಸಾಧು, ಯಾವುದು ಅಸಾಧು ಎಂಬುದನ್ನು ನಿಘಂಟು ಒಂದೇ ತೀರ್ಮಾನಿಸಲಾರದು. ಆ ಕಲ್ಲಿನ ಚರಿತ್ರೆಯನ್ನು ಕೇಳಬೇಕು. ಹಾಗೆ ಕೇಳುವುದಕ್ಕೆ ಹಾರೋಹಳ್ಳಿಯ ಮುಂದೆ ಹಾದುಹೋಗುವ ಹೆದ್ದಾರಿಯೇ ತಕ್ಕ ಸ್ಥಳ.

ಬೆಂಗಳೂರಿನಿಂದ ದಕ್ಷಿಣಾಭಿಮುಖವಾಗಿ ಹೊರಟು, ಹಾರೋಹಳ್ಳಿ, ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೇಲೆ ತಮಿಳುನಾಡಿನ ಕಡೆಗೆ ಇಳಿಯುವ ಈ ಮಾರ್ಗವು ಬಹಳ ಕಾಲ 209ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯೆನಿಸಿ, ಈಚೆಗೆ 948 ಎಂಬ ಸಂಖ್ಯೆಯನ್ನು ಪಡೆದಿದೆ. ದಾರಿ ಮಾತ್ರ ಈ ಸಂಖ್ಯೆಗಳಿಗಿಂತ ಬಹಳ ಹಳೆಯದು. ಕನಕಪುರಕ್ಕೆ ಆಗ ಕಾನಕಾನಹಳ್ಳಿಯೆಂದು ಹೆಸರು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಸೈನ್ಯವನ್ನು ನಡೆಸಿದಾಗ, ರಾಮಗಿರಿ ಚನ್ನಪಟ್ಟಣಗಳ ನೇರ ದಾರಿಯನ್ನು ಬಿಟ್ಟು ಕಾನಕಾನಹಳ್ಳಿಯ ಮಾರ್ಗವನ್ನು ಹಿಡಿದನು. 1799ರ ಮಾರ್ಚಿಯಲ್ಲಿ ಹ್ಯಾರಿಸನ ಸೈನ್ಯವೂ ಕಾನಕಾನಹಳ್ಳಿಯನ್ನು ಹಾದು ಮಳವಳ್ಳಿಗೆ ಬಂದು, ಆ ತಿಂಗಳ 27ರಂದು ಅಲ್ಲಿ ಟಿಪ್ಪುಸುಲ್ತಾನನನ್ನು ಎದುರಿಸಿತು. ಶತ್ರುವಿಗೆ ಮೇವೂ ಧಾನ್ಯವೂ ದೊರೆಯದಿರಲೆಂದು ಸುಲ್ತಾನನು ಕಾನಕಾನಹಳ್ಳಿಯನ್ನು ಎರಡು ಸಲ ಹಾಳುಗೆಡಹಿದನೆಂದು ಚರಿತ್ರೆಯು ಹೇಳುತ್ತದೆ. ಸಹಸ್ರಾರು ಎತ್ತುಗಳೂ ಫಿರಂಗಿಗಳೂ ನಡೆಯಬೇಕಾದಲ್ಲಿ ದಿನಕ್ಕೆಷ್ಟು ದಾರಿ ಸವೆಯಿತು, ಇನ್ನೆಷ್ಟು ಉಳಿಯಿತು ಎಂಬ ಲೆಕ್ಕವು ಸಾವು ಬದುಕುಗಳ ಲೆಕ್ಕವೇ ಆಗಿತ್ತು.

ಆ ಕಾಲದ ಹಳ್ಳಿಗನು ದಾರಿಯನ್ನು ಅಳೆಯುತ್ತಿದ್ದ ಬಗೆ ಬೇರೆ. ಸಮೀಪದ ಊರು 'ಕೂಗಳತೆಯ ದೂರ'ದಲ್ಲಿರುತ್ತಿತ್ತು; ಅಂದರೆ ಇಲ್ಲಿ ಕೂಗಿದರೆ ಅಲ್ಲಿ ಕೇಳಬೇಕು. ಇದು ಗ್ರಾಮ್ಯರ ಮಾತೆಂದು ಕಡೆಗಣಿಸಬೇಕಾದುದಿಲ್ಲ. ಸಂಸ್ಕೃತದ 'ಕ್ರೋಶ'ವೆಂಬ ಪ್ರಮಾಣವೂ ಕೂಗುವುದೆಂಬ ಅರ್ಥದ ಧಾತುವಿನಿಂದಲೇ ಹುಟ್ಟಿದುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬರುವ 'ಗೋರುತ'ವೆಂಬುದು ಆಕಳಿನ ಕೂಗು ಕೇಳಿಸುವಷ್ಟು ದೂರ. ಅಂತಹ ನಾಲ್ಕು ಗೋರುತಗಳಿಗೆ ಒಂದು ಯೋಜನ. ಹುಲ್ಲುಗಾವಲೆಂಬ ಅರ್ಥವೂ ಇದ್ದ 'ಗವ್ಯೂತಿ'ಯೆಂಬ ಶಬ್ದದಿಂದ ಕನ್ನಡದ 'ಗಾವುದ'ವು ಬಂದಿತು. ಮೈಸೂರು ಸೀಮೆಯಲ್ಲಿ ಸುಮಾರು ಮೂರು ಮೈಲಿಗೆ ಒಂದು ಹರದಾರಿಯೆಂದೂ ನಾಲ್ಕು ಹರದಾರಿಗೆ ಒಂದು ಗಾವುದವೆಂದೂ ಎಣಿಕೆಯಿತ್ತು. ಕಂಠ, ಕಾಲು, ದನಕರುಗಳೇ ಇಲ್ಲಿ ಅಳತೆಗೋಲುಗಳಾಗಿದ್ದುವು. ಆದಕಾರಣ ಒಂದೂರಿನ ಹರದಾರಿ ಮತ್ತೊಂದೂರಿನ ಹರದಾರಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮನಾಗಿರಬೇಕೆಂದು ಯಾರೂ ಬಯಸುತ್ತಿರಲಿಲ್ಲ.

ರಾಜಮಾರ್ಗಗಳಲ್ಲಿ ದೂರವನ್ನು ಗುರುತಿಸುವ ಪದ್ಧತಿಯು ಭಾರತಕ್ಕೆ ಹೊಸದಲ್ಲ. ಅಶೋಕನ ಏಳನೆಯ ಸ್ತಂಭಶಾಸನವು ದಾರಿಯ ಬದಿಯಲ್ಲಿ ಆಲದ ಮರಗಳನ್ನೂ ಮಾವಿನ ತೋಪುಗಳನ್ನೂ ಬೆಳಸಿದುದನ್ನೂ, ಕ್ರೋಶಗಳ ಲೆಕ್ಕದಲ್ಲಿ ಬಾವಿಗಳನ್ನು ತೋಡಿಸಿದುದನ್ನೂ ತಿಳಿಸುತ್ತದೆ. ಅಲ್ಲಿ ನೀರಿನ ಬಾವಿಯೇ ದೂರದ ಗುರುತು. ಮುಂದೆ ಉತ್ತರದೇಶದ ಹೆದ್ದಾರಿಗಳಲ್ಲಿ ಮೊಗಲರ ಕಾಲದಲ್ಲಿ ಎದ್ದ ಕೋಸ್ ಮಿನಾರುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. 'ಕೋಸ್' ಎಂಬುದು ಕ್ರೋಶದ ರೂಪಾಂತರವೇ.

'ಮೈಲಿ'ಯ ಹುಟ್ಟು ಮಾತ್ರ ರೋಮಿನಲ್ಲಿ. ಲ್ಯಾಟಿನಿನಲ್ಲಿ 'ಮಿಲ್ಲೆ' ಎಂದರೆ ಸಾವಿರ. ರೋಮನ್ ಸೈನಿಕನ ಎಡಗಾಲು ಮತ್ತು ಬಲಗಾಲು ಸೇರಿ ಇಡುವ ಜೋಡಿಹೆಜ್ಜೆಗಳು ಸಾವಿರವಾದರೆ ಅದು ಒಂದು ಮೈಲಿ. ಇಂದಿನ ಲೆಕ್ಕಕ್ಕೆ ಸುಮಾರು 1480 ಮೀಟರು. ಅಂತಹ ಪ್ರತಿಯೊಂದು ಸಾವಿರಕ್ಕೂ ರೋಮನರು ತಮ್ಮ ರಸ್ತೆಗಳಲ್ಲಿ ಕಲ್ಲಿನ ಕಂಬವನ್ನು ನಿಲ್ಲಿಸಿದರು. ಕ್ರಿಸ್ತಪೂರ್ವ 20ರಲ್ಲಿ ಅಗಸ್ಟಸ್ ಚಕ್ರವರ್ತಿಯು ರೋಮಿನ ಚೌಕದಲ್ಲಿ 'ಸುವರ್ಣ ಮೈಲಿಗಲ್ಲ'ನ್ನು ಸ್ಥಾಪಿಸಿದನು. ಇಂಗ್ಲೆಂಡಿನಲ್ಲಿ 1593ರ ಕಾಯಿದೆಯು ಮೈಲಿಯನ್ನು ಎಂಟು ಫರ್ಲಾಂಗು, ಎಂದರೆ 5280 ಅಡಿಯೆಂದು ಗೊತ್ತುಮಾಡಿತು. ಫರ್ಲಾಂಗೆಂಬುದು ನೇಗಿಲ ಸಾಲಿನ ಉದ್ದವೆಂಬ ಅರ್ಥದ ಶಬ್ದ. ಹೀಗೆ ಸಿಪಾಯಿಯ ಹೆಜ್ಜೆಯೂ ಒಕ್ಕಲಿನ ನೇಗಿಲೂ ಕೂಡಿ ಆ ದೇಶದ ದಾರಿಯ ಅಳತೆಯಾಯಿತು. 1767ರಿಂದೀಚೆಗೆ ಸುಂಕ ತೆತ್ತು ನಡೆಯುವ ಅಲ್ಲಿನ ರಸ್ತೆಗಳಲ್ಲಿ ಮೈಲಿಯ ಗುರುತುಗಳಿರಬೇಕಾದುದು ಕಡ್ಡಾಯವಾಯಿತು. ಸುಂಕ ಕೊಟ್ಟವನಿಗೆ ತಾನೆಷ್ಟು ದಾರಿ ಬಂದೆನೆಂಬುದನ್ನು ತಿಳಿಯುವ ಹಕ್ಕುಂಟು ಎಂಬ ನ್ಯಾಯವು ಆ ಕಲ್ಲಿನ ಬೆನ್ನಿಗಿದ್ದಿತು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕಾಲಿನ್ ಮೆಕೆಂಜಿಯ ನೇತೃತ್ವದಲ್ಲಿ ಮೈಸೂರು ಸೀಮೆಯ ಮೋಜಣಿಯು ನಡೆಯಿತು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನರ ಕಾಲದಲ್ಲಿ ಸಂಸ್ಥಾನದಲ್ಲಿ ಸುಮಾರು 1600 ಮೈಲಿ ರಸ್ತೆಯೂ ಮುನ್ನೂರಕ್ಕೂ ಮಿಕ್ಕ ಸೇತುವೆಗಳೂ ನಿರ್ಮಾಣವಾದುವು. ಹೀಗೆ ಬೆಳೆದ ರಸ್ತೆಗಳ ಜೊತೆಯಲ್ಲಿ ಮೈಲಿಯ ಲೆಕ್ಕವೂ ಮೈಲಿಯ ಕಲ್ಲೂ ಕನ್ನಡಿಗರ ಬಳಕೆಗೆ ಬಂದುವು. ಗಾಡಿ ಹೊಡೆಯುವವನಿಗೂ ಅಂಚೆಯವನಿಗೂ ಆ ಕಲ್ಲು ನಿತ್ಯದ ಸಂಗಾತಿಯಾಯಿತು. ಅದು ಹೇಳುತ್ತಿದ್ದುದು ಒಂದು ಊರಿನ ಹೆಸರು, ಒಂದು ಅಂಕಿ, ಇಷ್ಟನ್ನೇ. ಆ ಅಂಕಿಯನ್ನು ನೋಡಿ ಎತ್ತುಗಳಿಗೆ ನೀರು ಕುಡಿಸಬೇಕೋ, ಕತ್ತಲಾಗುವುದರೊಳಗೆ ಊರು ಸೇರಬಹುದೋ ಎಂಬುದನ್ನು ಪ್ರಯಾಣಿಕನು ನಿಶ್ಚಯಿಸುತ್ತಿದ್ದನು. ಕಲ್ಲು ಯಾರನ್ನೂ ಹೊಗಳುತ್ತಿರಲಿಲ್ಲ; ಯಾರ ಹೆಸರನ್ನೂ ಹೊತ್ತಿರಲಿಲ್ಲ.

ಇನ್ನು ಶಬ್ದದ ರೂಪವನ್ನು ವಿಚಾರಿಸಬಹುದು. ಇಂಗ್ಲಿಷಿನ ವ್ಯಂಜನಾಂತ ಶಬ್ದವು ಕನ್ನಡದ ಬಾಯಲ್ಲಿ ಸ್ವರವನ್ನು ಪಡೆದು ಕೆಲವು ಸೀಮೆಗಳಲ್ಲಿ 'ಮೈಲಿ'ಯೆಂದೂ ಕೆಲವೆಡೆ 'ಮೈಲು' ಎಂದೂ ಆಯಿತು. ಹಳೆಯ ಮೈಸೂರು ಸೀಮೆಯ ಜನರಿಗೆ 'ಮೈಲಿ' ಎಂದರೆ ಸಿಡುಬಿನ ಬೇನೆಯೂ ಹೌದು; ಆದರೆ ಕಲ್ಲಿನ ಜೊತೆಗೆ ಸೇರಿದಾಗ ಅರ್ಥದಲ್ಲಿ ಸಂದೇಹವೇಳುವುದಿಲ್ಲ. 'ಮೈಲಿ' ಮತ್ತು 'ಕಲ್ಲು' ಸಮಾಸವಾದಾಗ, ಮಳೆಗಾಲ, ಅಡಿಗಲ್ಲು ಮೊದಲಾದುವುಗಳಲ್ಲಿ ಆಗುವಂತೆಯೇ, ಉತ್ತರಪದದ ಕಕಾರಕ್ಕೆ ಗಕಾರವು ಆದೇಶವಾಗಿ ಬರುತ್ತದೆ. ಆದ್ದರಿಂದ 'ಮೈಲಿಗಲ್ಲು' ಎಂಬುದೇ ಶುದ್ಧರೂಪ. 'ಮೈಲಿಕಲ್ಲು' ಎಂಬುದು ಕಿವಿಗೂ ಒಗ್ಗದು. ಭಿನ್ನಭಾಷೆಗಳ ಪದಗಳನ್ನು ಸಮಾಸಮಾಡಿದರೆ ಅದು ಅರಿಸಮಾಸವಾಗುವುದಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿಚಾರಿಸಿದುದು ಸಂಸ್ಕೃತ ಕನ್ನಡಗಳ ಬೆರಕೆಯನ್ನು. ಕನ್ನಡದ ಸ್ವರವನ್ನು ತೊಟ್ಟು, ಕನ್ನಡದ ವಿಭಕ್ತಿಗಳನ್ನು ಹೊತ್ತು, ಅಕ್ಷರ ತಿಳಿಯದವರ ನಾಲಿಗೆಯಲ್ಲಿಯೂ ನಲಿದ ಮೇಲೆ 'ಮೈಲಿ'ಯು ತದ್ಭವಕ್ಕೆ ಸಮಾನವಾಯಿತು; ಅದನ್ನು ಪರಕೀಯವೆಂದು ಹೊರಗಿಡುವುದಕ್ಕೆ ಕಾರಣವಿಲ್ಲ. 'ಸಿಂಹಪಾಲು', 'ಮೊಸಳೆಕಣ್ಣೀರು', 'ಶ್ವೇತಪತ್ರ' ಮೊದಲಾದುವು ಇಂಗ್ಲಿಷಿನಿಂದ ಪೂರ್ಣವಾಗಿ ಅನುವಾದಗೊಂಡು ಬಂದುವು. 'ಮೈಲಿಗಲ್ಲು' ಅರ್ಧ ಎರವಲು, ಅರ್ಧ ಸ್ವಂತ. ರೂಪದಲ್ಲಿ ದೋಷವಿಲ್ಲ, ದೋಷವೇನಿದ್ದರೂ ಪ್ರಯೋಗದಲ್ಲಿ.

ಇಂಗ್ಲಿಷಿನಲ್ಲಿ ಈ ನುಡಿಗಟ್ಟಿಗೆ ಹೊಂದುವ ಕ್ರಿಯಾಪದಗಳು ಪ್ರಯಾಣಿಕನವು: ಮೈಲಿಗಲ್ಲನ್ನು ಮುಟ್ಟುವುದು, ಹಾಯುವುದು, ದಾಟುವುದು. ಒಂದು ಸಂಗತಿಯು ಮೈಲಿಗಲ್ಲಾಗಿದೆಯೆಂದೂ ಹೇಳುವುದುಂಟು. ಆಗಲೂ ಅದು ನಡುದಾರಿಯ ಗುರುತೆಂಬ ಅರ್ಥವು ಒಳಗೆ ಇದ್ದೇ ಇರುತ್ತದೆ. ಹಿಂದೆ ಯಾರೂ ಮಾಡದುದನ್ನು ಮಾಡಿದರೆ ಅದು ದಾಖಲೆ, ಮೈಲಿಗಲ್ಲಲ್ಲ. ದೂರದಿಂದಲೇ ಕಂಡು ದಿಕ್ಕನ್ನು ತಿಳಿಸುವ ಸಾವನದುರ್ಗದಂತಹ ಬೆಟ್ಟವು 'ಲ್ಯಾಂಡ್‌ಮಾರ್ಕ್' ಎನಿಸಿಕೊಳ್ಳುತ್ತದೆ. ಅದೂ ಮೈಲಿಗಲ್ಲಲ್ಲ, ಹೆಗ್ಗುರುತು. ಇಂಗ್ಲಿಷಿನವರೇ ಒಮ್ಮೊಮ್ಮೆ ಎಡವುವ ಮತ್ತೊಂದು ಶಬ್ದವಿದೆ: 'ಮಿಲ್‌ಸ್ಟೋನ್'. ಇದು ಹಿಟ್ಟು ಬೀಸುವ ಕಲ್ಲು. ಬೈಬಲಿನಲ್ಲಿ ಕೊರಳಿಗೆ ಕಟ್ಟಿ ಸಮುದ್ರಕ್ಕೆ ದೂಡುವ ಬೀಸುವ ಕಲ್ಲಿನ ಪ್ರಸ್ತಾಪ ಬರುವುದರಿಂದ, ಹೊರಲಾರದ ಹೊರೆಗೆ 'ಕೊರಳಿನ ಬೀಸುಗಲ್ಲು' ಎಂದು ಆ ಭಾಷೆಯಲ್ಲಿ ಹೇಳುತ್ತಾರೆ. ಉಚ್ಚಾರದಲ್ಲಿ ಎರಡಕ್ಕೂ ಇರುವ ಅಂತರವು ಸ್ವಲ್ಪವೇ, ಅರ್ಥದಲ್ಲಿ ಬಹಳ.

ಹಾಗಾದರೆ ಕನ್ನಡಿಗನು ಮೈಲಿಗಲ್ಲನ್ನು 'ನೆಡುವುದು' ಏಕೆ? ಕೇವಲ ಅಜ್ಞಾನದಿಂದ ಎಂದರೆ ನ್ಯಾಯವಾಗದು. ಈ ನಾಡಿನಲ್ಲಿ ಕಲ್ಲು ನೆಡುವುದಕ್ಕೆ ಬಹು ದೊಡ್ಡ ಪರಂಪರೆಯುಂಟು. ಊರನ್ನು ಕಾಯುತ್ತ ಮಡಿದವನಿಗೆ ವೀರಗಲ್ಲು. ಗಂಡನೊಡನೆ ಚಿತೆಯೇರಿದವಳಿಗೆ ಮಾಸ್ತಿಗಲ್ಲು. ದಾನಕೊಟ್ಟ ಭೂಮಿಗೆ ಶಾಸನದ ಕಲ್ಲು ಮತ್ತು ನಾಲ್ಕು ಎಲ್ಲೆಗಳ ಕಲ್ಲುಗಳು. ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನಲ್ಲಿ ಸುಮಾರು ಕ್ರಿ. ಶ. 890ರ ಗಂಗರ ಕಾಲದ ವೀರಗಲ್ಲೊಂದರಲ್ಲಿ 'ಬೆಂಗಳೂರ' ಕಾಳಗದ ಉಲ್ಲೇಖವಿದೆ. ಚನ್ನಪಟ್ಟಣದ ನೆರೆಯ ಮದ್ದೂರು ಸೀಮೆಯ ಆತಕೂರಿನಲ್ಲಿ ಸುಮಾರು ಕ್ರಿ. ಶ. 949ರಲ್ಲಿ, ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿಯೆಂಬ ಬೇಟೆನಾಯಿಗೂ ಕಲ್ಲು ನಿಂತಿತು. ಹೀಗೆ ಸಾವಿರ ವರ್ಷಗಳಿಂದ ಕನ್ನಡಿಗನ ಮನಸ್ಸಿನಲ್ಲಿ ಕಲ್ಲೆಂದರೆ ಮಾಡಿದ ಕಾರ್ಯಕ್ಕೆ ಸಲ್ಲುವ ಗೌರವ. ಇಂಗ್ಲಿಷಿನ ಮೈಲಿಗಲ್ಲು ಬಂದಾಗ ಅವನು ಅದರಲ್ಲಿಯೂ ತನ್ನ ವೀರಗಲ್ಲನ್ನೇ ಕಂಡನು. 'ಸಾಧಕರು ಮೈಲಿಗಲ್ಲು ನೆಟ್ಟರು' ಎಂಬ ವಾಕ್ಯದಲ್ಲಿ ಮಾತು ಲಂಡನ್ನಿನದು, ಮನಸ್ಸು ಆತಕೂರಿನದು.

ಮೂಲವು ತಿಳಿದ ಮಾತ್ರಕ್ಕೆ ಪ್ರಯೋಗವು ಸಾಧುವಾಗುವುದೇ ಎಂಬ ಪ್ರಶ್ನೆ ಉಳಿಯುತ್ತದೆ. ಲೋಕರೂಢಿಯೇ ಭಾಷೆಗೆ ಒಡೆಯನೆಂಬ ವಾದವು ದುರ್ಬಲವಾದುದಲ್ಲ. ಧರ್ಮಶಾಸ್ತ್ರಗಳಲ್ಲಿ 'ಸಾಹಸ'ವೆಂದರೆ ಬಲಾತ್ಕಾರದಿಂದ ಮಾಡಿದ ಅಪರಾಧ. ಇಂದಿನ ಕನ್ನಡದಲ್ಲಿ ಅದೇ ಶಬ್ದವು ಪ್ರಶಂಸೆಯಾಗಿದೆ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಏಕೆಂದರೆ ಅಪರಾಧವನ್ನು ಹೇಳುವುದಕ್ಕೆ ಬೇರೆ ಶಬ್ದಗಳು ಭಾಷೆಯಲ್ಲಿವೆ. ಶಬ್ದದ ಅರ್ಥವು ಬದಲಾಯಿಸಿದಾಗ ನೋಡಬೇಕಾದುದು ಇದೊಂದೇ: ಹಳೆಯ ಅರ್ಥವನ್ನು ಹೇಳಲು ಭಾಷೆಯಲ್ಲಿ ಬೇರೆ ಮಾತು ಉಳಿದಿದೆಯೆ? ಮೈಲಿಗಲ್ಲಿನ ವಿಷಯದಲ್ಲಿ ಉತ್ತರವು ಸಮಾಧಾನಕರವಲ್ಲ. ಆರಂಭವನ್ನು ಹೇಳುವುದಕ್ಕೆ ಅಡಿಗಲ್ಲಿದೆ, ಗುಣವನ್ನು ಪರೀಕ್ಷಿಸುವುದಕ್ಕೆ ಒರೆಗಲ್ಲಿದೆ, ಎಲ್ಲೆಯನ್ನು ತೋರುವುದಕ್ಕೆ ಗಡಿಕಲ್ಲು, ಬಾಂದುಕಲ್ಲುಗಳಿವೆ, ಗೌರವಕ್ಕೆ ವೀರಗಲ್ಲಿದೆ. 'ಇಷ್ಟು ಬಂದಾಯಿತು, ಇನ್ನಿಷ್ಟು ಉಳಿದಿದೆ' ಎಂಬ ಲೆಕ್ಕವನ್ನು ಹೇಳುವ ಕಲ್ಲು ಮೈಲಿಗಲ್ಲೊಂದೇ. ಅದನ್ನೂ ಹೊಗಳಿಕೆಗೆ ಕೊಟ್ಟುಬಿಟ್ಟರೆ ಭಾಷೆಯಲ್ಲಿ ಆ ಲೆಕ್ಕಕ್ಕೆ ಮಾತೇ ಇಲ್ಲವಾಗುತ್ತದೆ.

ಇತ್ತ ಆ ವಸ್ತುವೂ ಮರೆಯಾಯಿತು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಅನಂತರ ದಶಮಾಂಶ ಪದ್ಧತಿಯು ದೇಶದಲ್ಲಿ ನೆಲೆಗೊಂಡು, ಮೈಲಿಯ ಸ್ಥಾನಕ್ಕೆ ಕಿಲೋಮೀಟರು ಬಂದಿತು. ಒಂದು ಮೈಲಿಗೆ 1.609 ಕಿಲೋಮೀಟರು. ಇಂದು ಹೆದ್ದಾರಿಯ ಬದಿಯಲ್ಲಿರುವವು ಕಿಲೋಮೀಟರಿನ ಕಲ್ಲುಗಳು. ರಾಷ್ಟ್ರೀಯ ಹೆದ್ದಾರಿಯದಕ್ಕೆ ಹಳದಿ ತಲೆ, ರಾಜ್ಯ ಹೆದ್ದಾರಿಯದಕ್ಕೆ ಹಸುರು ತಲೆ. ಆದರೂ 'ಕಿಲೋಮೀಟರುಗಲ್ಲು' ಎಂಬ ನುಡಿಗಟ್ಟು ಹುಟ್ಟಲಿಲ್ಲ, ಹುಟ್ಟಬೇಕಾಗಿಯೂ ಇಲ್ಲ. 1957ರಲ್ಲಿ ನಯಾಪೈಸೆ ಬಂದು ಆಣೆಯ ಲೆಕ್ಕವು ಹೋದರೂ 'ಹದಿನಾರಾಣೆ ಸತ್ಯ' ಎಂಬ ಮಾತು ಹೋಗಲಿಲ್ಲ. ಹದಿನಾರಾಣೆಯೆಂದರೆ ಪೂರ್ಣವೆಂಬ ಅರ್ಥವು ಅದರಲ್ಲಿ ಕೆಡದೆ ಉಳಿದಿದೆ. ವಸ್ತು ಹೋದರೂ ಅರ್ಥವನ್ನು ಕಾಪಾಡಿಕೊಂಡು ಬರಬಹುದೆಂಬುದಕ್ಕೆ ಇದು ಸಾಕ್ಷಿ.

ಈ ವಿಚಾರವು ಬರಿಯ ಪಂಡಿತರ ಚರ್ಚೆಯಲ್ಲವೆಂಬುದು ಹಾರೋಹಳ್ಳಿಯಲ್ಲಿ ಮನವರಿಕೆಯಾಗುತ್ತದೆ. ರಾಗಿಯ ಹೊಲಗಳೂ ಹಿಪ್ಪುನೇರಳೆಯ ತೋಟಗಳೂ ಇರುವ ಸೀಮೆಯಲ್ಲಿ ಕೈಗಾರಿಕಾ ಪ್ರದೇಶವು ಒಂದೇ ದಿನದಲ್ಲಿ ಎದ್ದುನಿಲ್ಲುವುದಿಲ್ಲ. ಆಗಿನ ಮೈಸೂರು ರಾಜ್ಯವು 1966ರಲ್ಲಿ ಮಾಡಿದ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯಿದೆಯು ಅದಕ್ಕೊಂದು ಕ್ರಮವನ್ನು ವಿಧಿಸಿದೆ. ಮೂರನೆಯ ಪ್ರಕರಣದಂತೆ ಒಂದು ಪ್ರದೇಶವನ್ನು ಕೈಗಾರಿಕಾ ಪ್ರದೇಶವೆಂದು ಸಾರುವುದು, ಇಪ್ಪತ್ತೆಂಟನೆಯ ಪ್ರಕರಣದ ಮೊದಲನೆಯ ಉಪಪ್ರಕರಣದಂತೆ ಪ್ರಾಥಮಿಕ ಅಧಿಸೂಚನೆ, ಅನಂತರ ಭೂಮಿಯ ಒಡೆಯರ ಆಕ್ಷೇಪಣೆಗಳ ವಿಚಾರಣೆ, ನಾಲ್ಕನೆಯ ಉಪಪ್ರಕರಣದಂತೆ ಅಂತಿಮ ಅಧಿಸೂಚನೆ, ಆಮೇಲೆ ಸ್ವಾಧೀನ, ಇಪ್ಪತ್ತೊಂಬತ್ತನೆಯ ಪ್ರಕರಣದಂತೆ ಪರಿಹಾರ. ಇವು ಒಂದರ ಹಿಂದೊಂದು ಬರುವ ಹಂತಗಳು. ಪ್ರತಿಯೊಂದಕ್ಕೂ ಒಂದು ದಿನಾಂಕವುಂಟು, ಪ್ರತಿಯೊಂದರ ಮುಂದೆಯೂ ಇನ್ನು ಉಳಿದ ದಾರಿಯುಂಟು. ನುಡಿಗಟ್ಟಿನ ನಿಜವಾದ ಅರ್ಥದಲ್ಲಿ ಇವೇ ಮೈಲಿಗಲ್ಲುಗಳು.

ಒಂದು ಕೈಗಾರಿಕಾ ಪ್ರದೇಶವನ್ನು ಇಡಿಯಾಗಿ 'ಅಭಿವೃದ್ಧಿಯ ಮೈಲಿಗಲ್ಲು' ಎಂದು ಕರೆದಾಗ ಕೇಳುವವನ ಮನಸ್ಸಿನಲ್ಲಿ ಮೂರು ಪ್ರಶ್ನೆಗಳು ಏಳಬೇಕು: ಎಲ್ಲಿಂದ? ಎಲ್ಲಿಗೆ? ಇನ್ನೆಷ್ಟು ದೂರ? ಈ ಮೂರಕ್ಕೂ ಉತ್ತರವಿದ್ದರೆ ಮಾತು ಸಾರ್ಥಕ. ಇಷ್ಟು ಎಕರೆ ಭೂಮಿಗೆ ಪರಿಹಾರ ಸಂದಿತು, ಇಷ್ಟಕ್ಕೆ ಸಲ್ಲಬೇಕು. ಭೂಮಿ ಕೊಟ್ಟ ಮನೆಗಳಲ್ಲಿ ಇಷ್ಟು ಮಂದಿಗೆ ಉದ್ಯೋಗವಾಯಿತು, ಇಷ್ಟು ಮಂದಿ ಕಾದಿದ್ದಾರೆ. ಕೆರೆಗೆ ಹೋಗುವ ನೀರಿನ ಶುದ್ಧಿಗೆ ಇಷ್ಟು ಏರ್ಪಾಡಾಯಿತು, ಇಷ್ಟು ಉಳಿದಿದೆ ಎಂದು ಹೇಳಿದರೆ ಅದು ಮೈಲಿಗಲ್ಲಿನ ಭಾಷೆ. ಅಂಕಿಯೊಂದೂ ಇಲ್ಲದೆ ಹೇಳಿದರೆ ಅದು ಬರೆಹವಿಲ್ಲದ ಕಲ್ಲು. ದಾರಿಹೋಕನಿಗೆ ಅದರಿಂದ ಪ್ರಯೋಜನವಿಲ್ಲ. ಬರೆಹವಿಲ್ಲದ ಕಲ್ಲನ್ನು ನೋಡಿದವನು ಊರು ಬಂದೇಬಿಟ್ಟಿತೆಂದು ಭ್ರಮಿಸುವುದೂ ಸಾಧ್ಯ. ಪ್ರಯಾಣದ ನಡುವಣ ಗುರುತನ್ನು ಪ್ರಯಾಣದ ಅಂತ್ಯವೆಂದು ತಿಳಿದು ಹೊರೆಯಿಳಿಸಿದವನಿಗೆ ಕತ್ತಲೆಯೇ ಗತಿ. ಮಂಡಲಿಯ ಕಡತದಲ್ಲಿ ಅಂತಿಮ ಅಧಿಸೂಚನೆಯು ಮೈಲಿಗಲ್ಲಾಗಿರಬಹುದು. ಪರಿಹಾರವು ಕೈಗೆ ಬರುವವರೆಗೆ ಅದೇ ಅಧಿಸೂಚನೆಯು ಒಬ್ಬ ಒಕ್ಕಲಿನ ಕೊರಳಿಗೆ ಬೀಸುಗಲ್ಲೂ ಆಗಬಹುದು. ಎರಡನ್ನೂ ಬೇರೆಬೇರೆಯಾಗಿ ಹೇಳುವ ಶಕ್ತಿಯನ್ನು ಭಾಷೆಯು ಕಳೆದುಕೊಳ್ಳಬಾರದು.

ಇನ್ನು 'ನೆಡು' ಎಂಬ ಕ್ರಿಯಾಪದದ ಗತಿಯೇನು? ಅದಕ್ಕೂ ಇದೇ ಸೀಮೆಯಲ್ಲಿ ತಕ್ಕ ಸ್ಥಾನವಿದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು ತಮ್ಮ ಊರಿಗೂ ಕುದೂರಿಗೂ ನಡುವಣ ರಸ್ತೆಯ ಬದಿಯಲ್ಲಿ ಪತಿಯೊಡನೆ ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತುಹಾಕಿ, ಮಕ್ಕಳಂತೆ ಬೆಳಸಿದರು. ಅಶೋಕನ ಶಾಸನದ ಆಲದ ಮರಗಳನ್ನು ನೆನಪಿಗೆ ತರುವ ಆ ಕಾರ್ಯಕ್ಕೆ 2019ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಅವರು ನೆಟ್ಟುದು ಮರಗಳನ್ನು. ಅಂತಹವರ ವಿಷಯದಲ್ಲಿ 'ನೆಟ್ಟರು, ಬೆಳಸಿದರು' ಎಂಬ ಕನ್ನಡದ ಸರಳ ಕ್ರಿಯಾಪದಗಳೇ ಸಾಕು; ಅವರಿಗೆ ಎರವಲು ಕಲ್ಲಿನ ಅಗತ್ಯವಿಲ್ಲ.

ಒಟ್ಟಿನಲ್ಲಿ ನಿಯಮವು ಸರಳವಾದುದು. ಮೈಲಿಗಲ್ಲನ್ನು ಮುಟ್ಟಬಹುದು, ಹಾಯಬಹುದು, ದಾಟಬಹುದು. ಒಂದು ಘಟನೆಯನ್ನು ದೀರ್ಘಪ್ರಯಾಣದ ಮೈಲಿಗಲ್ಲೆಂದೂ ಕರೆಯಬಹುದು. ನಡೆಯುವವನೇ ಅದನ್ನು ನೆಡುವುದಿಲ್ಲ, ತಾನೇ ಮೈಲಿಗಲ್ಲಾಗಿ ನಿಲ್ಲುವುದಿಲ್ಲ. ನಿಂತರೆ ಪ್ರಯಾಣವು ಅಲ್ಲಿಗೆ ನಿಂತಂತೆ. 'ಕೊನೆಯ ಮೈಲಿಗಲ್ಲು' ಎಂಬುದನ್ನು ಊರು ಕಣ್ಣಿಗೆ ಕಂಡಾಗ ಮಾತ್ರ ಹೇಳತಕ್ಕದ್ದು. ವಿದ್ಯಾವಂತರ ಮನೆಗಳಲ್ಲಿ ಪತ್ರಿಕೆಯನ್ನು ಓದುವಾಗ ಮಕ್ಕಳು ಈ ಮಾತನ್ನು ಎತ್ತಿ ತೋರಿಸಿದರೆ, ಅದರ ಜೊತೆಗೆ ಅಂಕಿಯಿದೆಯೇ ಎಂದು ಹುಡುಕಿಸುವುದು ಒಳ್ಳೆಯ ಪಾಠವಾದೀತು. ಅಂಕಿಯಿದ್ದರೆ ಓದು ಮುಂದುವರಿಯಲಿ. ಇಲ್ಲದಿದ್ದರೆ ಕೇಳುವುದಕ್ಕೆ ಆ ಮೂರು ಪ್ರಶ್ನೆಗಳು ಇದ್ದೇ ಇವೆ.